ಏಕಮಾಲೀಕರ ಸಣ್ಣ ಉದ್ಯೋಗಕ್ಕೆ ಉದ್ಯಮ್ ನೋಂದಣಿ: ದಾವಣಗೆರೆಯ ಹೊಲಿಗೆ ಘಟಕವೊಂದರ ಅನುಭವದಿಂದ

ದಾವಣಗೆರೆಯಲ್ಲಿ ಒಬ್ಬರೇ ಮಾಲೀಕರಾಗಿ ಸಣ್ಣ ಉದ್ಯೋಗ ಆರಂಭಿಸುವವರು ‘ಪ್ರೊಪ್ರೈಟರ್‌ಶಿಪ್ ರಿಜಿಸ್ಟ್ರೇಷನ್’ ಎಲ್ಲಿ ಮಾಡಿಸಬೇಕೆಂದು ವಿಚಾರಿಸಿದರೆ, ಕಚೇರಿಯ ವಿಳಾಸಕ್ಕಿಂತ ಮೊದಲು ಅದಕ್ಕೆ ತಗಲುವ ದರ ಕಿವಿಗೆ ಬೀಳುತ್ತದೆ. ವಾಸ್ತವದಲ್ಲಿ ನಮ್ಮ ದೇಶದಲ್ಲಿ ಆ ಹೆಸರಿನ ನೋಂದಣಿಯೇ ಇಲ್ಲ. ಕಂಪನಿಗಳಿಗೆ 2013ರ ಕಾಯ್ದೆ, ಪಾಲುದಾರಿಕೆ ಸಂಸ್ಥೆಗಳಿಗೆ 1932ರ ಕಾಯ್ದೆ ಇರುವಂತೆ ಏಕಮಾಲೀಕತ್ವಕ್ಕೆಂದೇ ಒಂದು ಕಾಯ್ದೆಯಾಗಲಿ, ಒಬ್ಬ ರಿಜಿಸ್ಟ್ರಾರ್ ಆಗಲಿ ಇಲ್ಲ; ಮಾಲೀಕರ ಪ್ಯಾನ್ ಸಂಖ್ಯೆಯೇ ಅಂಗಡಿಯ ಪ್ಯಾನ್ ಸಂಖ್ಯೆ, ಅಂಗಡಿಯ ಲಾಭವೇ ಮಾಲೀಕರ ಆದಾಯ, ಅಂಗಡಿಯ ಸಾಲಕ್ಕೆ ಮಾಲೀಕರ ಸ್ವಂತ ಆಸ್ತಿಯೂ ಹೊಣೆ. ಇಂಥವರು, ಇಂಥ ಹೆಸರಿನಲ್ಲಿ, ಇಂಥ ಸ್ಥಳದಲ್ಲಿ ವ್ಯಾಪಾರ ನಡೆಸುತ್ತಿದ್ದಾರೆ ಎಂಬುದಕ್ಕೆ ಬೇರೆ ಬೇರೆ ಇಲಾಖೆಗಳು ಕೊಡುವ ಪುರಾವೆಗಳಷ್ಟೇ ಇರುವುದು. ಅವುಗಳಲ್ಲಿ ಮೊದಲು ಪಡೆಯಬೇಕಾದದ್ದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದು ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಎಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ, ಆ ಸೇವೆಯನ್ನು ವಿವರವಾಗಿಯೂ ಅದರ ಜೊತೆಗೆ ಬೇಕಾಗುವ ಉಳಿದ ಸೇವೆಗಳನ್ನು ಅಗತ್ಯವಿದ್ದಷ್ಟೂ ಇಲ್ಲಿ ವಿಮರ್ಶಿಸುತ್ತಿದ್ದೇನೆ.

ನಮ್ಮ ಅತ್ತಿಗೆಯವರು ನಿಟ್ಟುವಳ್ಳಿಯ ಮನೆಯ ಮುಂದಿನ ಕೋಣೆಯಲ್ಲಿ ಬಹಳ ಕಾಲದಿಂದ ಹೊಲಿಗೆ ಮಾಡುತ್ತಿದ್ದಾರೆ. ರವಿಕೆ, ಚೂಡಿದಾರಗಳ ಜೊತೆಗೆ ಶಾಲೆಯೊಂದರ ಸಮವಸ್ತ್ರಗಳನ್ನು ಹೊಲಿದುಕೊಡುವ ಕೆಲಸ ಒಪ್ಪಿಕೊಂಡಾಗ, ಹಣವನ್ನು ಘಟಕದ ಹೆಸರಿಗೆ ಚೆಕ್ ಮೂಲಕವೇ ಕೊಡುವುದಾಗಿ ಶಾಲೆಯವರು ತಿಳಿಸಿದರು. ಘಟಕದ ಹೆಸರಿನಲ್ಲಿ ಚಾಲ್ತಿ ಖಾತೆ ಬೇಕಾಯಿತು, ಖಾತೆಗೆ ಪುರಾವೆಗಳು ಬೇಕಾದವು. ಅರ್ಜಿಗಳನ್ನು ತುಂಬುವ ಕೆಲಸದಲ್ಲಿ ನಾನು ಜೊತೆಗಿದ್ದೆ.

ಉದ್ಯಮ್ ನೋಂದಣಿಯು 2020ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಇದ್ದ ಉದ್ಯೋಗ್ ಆಧಾರ್ ವ್ಯವಸ್ಥೆಯ ಜಾಗಕ್ಕೆ ಬಂದ ಇದು ಸಂಪೂರ್ಣವಾಗಿ ಆನ್‌ಲೈನ್‌ನಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ಯಾವ ಕಾಗದಪತ್ರವನ್ನೂ ಸ್ಕ್ಯಾನ್ ಮಾಡಿ ಸೇರಿಸಬೇಕಾಗಿಲ್ಲ. ಆಧಾರ್ ಸಂಖ್ಯೆಯನ್ನೂ ಅದರಲ್ಲಿರುವಂತೆಯೇ ಹೆಸರನ್ನೂ ನಮೂದಿಸಿದರೆ ಮೊಬೈಲಿಗೆ ಒಟಿಪಿ ಬರುತ್ತದೆ. ಮುಂದೆ ಸಂಸ್ಥೆಯ ಸ್ವರೂಪವೆಂಬಲ್ಲಿ ಪ್ರೊಪ್ರೈಟರಿ ಎಂದು ಆಯ್ದು ಪ್ಯಾನ್ ಸಂಖ್ಯೆ ಕೊಡಬೇಕು. ಆ ಬಳಿಕ ಘಟಕದ ಹೆಸರು, ವಿಳಾಸ, ಬ್ಯಾಂಕ್ ಖಾತೆ, ಕೆಲಸಗಾರರ ಸಂಖ್ಯೆ, ಯಂತ್ರೋಪಕರಣಗಳ ಮೇಲಿನ ಹೂಡಿಕೆ ಮತ್ತು ವಹಿವಾಟಿನ ವಿವರಗಳು. ಹೊಸ ಘಟಕದ ಹೂಡಿಕೆಯ ಅಂಕಿಗಳನ್ನು ಮಾಲೀಕರ ಸ್ವಯಂಘೋಷಣೆಯ ಮೇಲೆಯೇ ಒಪ್ಪಿಕೊಳ್ಳಲಾಗುತ್ತದೆ. 2025ರ ಏಪ್ರಿಲ್ 1ರಿಂದ ಎರಡೂವರೆ ಕೋಟಿ ರೂಪಾಯಿವರೆಗಿನ ಹೂಡಿಕೆ ಹಾಗೂ ಹತ್ತು ಕೋಟಿವರೆಗಿನ ವಹಿವಾಟು ಇರುವ ಉದ್ಯಮಗಳೆಲ್ಲ ಸೂಕ್ಷ್ಮ ವರ್ಗಕ್ಕೆ ಸೇರುವುದರಿಂದ ನಾಲ್ಕು ಹೊಲಿಗೆ ಯಂತ್ರ, ಒಂದು ಓವರ್‌ಲಾಕ್ ಯಂತ್ರವಿರುವ ಘಟಕಕ್ಕೆ ವರ್ಗೀಕರಣದ ಚಿಂತೆ ಇಲ್ಲ. ಸಣ್ಣವರನ್ನು ಅನುಮಾನದಿಂದ ನೋಡದೆ, ಹೇಳಿದ್ದನ್ನು ನಂಬಿ ಕೆಲಸ ಆರಂಭಿಸಲು ಬಿಡುವ ಈ ಧೋರಣೆಯೇ ಈ ಸೇವೆಯ ದೊಡ್ಡ ಗುಣವೆಂದು ನನಗೆ ತೋರುತ್ತದೆ.

ಆದರೆ ಅರ್ಜಿ ಸರಳವಾಗಿರುವುದು ದಾಖಲೆಗಳು ಸರಿಯಾಗಿರುವವರಿಗೆ ಮಾತ್ರ. ನಮ್ಮ ಭಾಗದ ಅನೇಕ ಹೆಣ್ಣುಮಕ್ಕಳ ಆಧಾರ್‌ಗೆ ಗಂಡನ ಅಥವಾ ಮಗನ ಮೊಬೈಲ್ ಸಂಖ್ಯೆ ಜೋಡಣೆಯಾಗಿರುತ್ತದೆ, ಕೆಲವರದಕ್ಕೆ ಎಂದೋ ಬಳಕೆ ತಪ್ಪಿದ ಸಂಖ್ಯೆ ಇರುತ್ತದೆ. ಒಟಿಪಿ ಬಾರದೆ ಅರ್ಜಿ ಮೊದಲ ಪುಟವನ್ನೇ ದಾಟುವುದಿಲ್ಲ. ಹೆಸರಿನ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ ಇದ್ದು ಪ್ಯಾನ್‌ನಲ್ಲಿ ಊರಿನ ಹೆಸರೋ ತಂದೆಯ ಹೆಸರೋ ಪೂರ್ಣವಾಗಿ ವಿಸ್ತರಿಸಿಕೊಂಡಿರುವುದು, ಮದುವೆಗೆ ಮುಂಚೆ ಮಾಡಿಸಿದ ಒಂದರಲ್ಲಿ ತಂದೆಯ ಹೆಸರೂ ಆಮೇಲೆ ಮಾಡಿಸಿದ ಇನ್ನೊಂದರಲ್ಲಿ ಗಂಡನ ಹೆಸರೂ ಇರುವುದು ಇಲ್ಲಿ ಮನೆಮನೆಯ ಸಂಗತಿ. ಇದನ್ನು ಉದ್ಯಮ್ ಅರ್ಜಿಗೆ ಮುನ್ನವೇ ಸರಿಪಡಿಸಿಕೊಳ್ಳುವುದು ಅಗತ್ಯ. ಏಕೆಂದರೆ ಇಲ್ಲಿ ನಮೂದಾದ ಹೆಸರು ಮತ್ತು ವಿಳಾಸವನ್ನೇ ಮುಂದೆ ಕಾರ್ಮಿಕ ಇಲಾಖೆ, ಪಾಲಿಕೆ, ಬ್ಯಾಂಕುಗಳ ಕಾಗದಗಳ ಜೊತೆ ತಾಳೆ ನೋಡಲಾಗುತ್ತದೆ. ಘಟಕದ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಮೊದಲೇ ನಿರ್ಧರಿಸಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಎಲ್ಲ ಅರ್ಜಿಗಳಲ್ಲಿಯೂ ಅದನ್ನೇ ನೋಡಿ ತುಂಬುವುದು ಒಳ್ಳೆಯದು.

ಎರಡನೆಯದಾಗಿ ಗಮನ ಬೇಡುವುದು ಚಟುವಟಿಕೆಯ ಸಂಕೇತ. ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ ಐದಂಕಿಯ ಸಂಕೇತವನ್ನು ಪಟ್ಟಿಯಿಂದ ಆರಿಸಬೇಕು, ಆ ಪಟ್ಟಿಯ ವಿವರಣೆಗಳೆಲ್ಲ ಅಂಕಿಅಂಶ ಇಲಾಖೆಯ ಇಂಗ್ಲಿಷ್‌ನಲ್ಲಿವೆ. ಗ್ರಾಹಕರ ಅಳತೆಗೆ ಹೊಲಿಯುವ ಕೆಲಸಕ್ಕೆ 14105, ಸಿದ್ಧ ಉಡುಪುಗಳ ತಯಾರಿಕೆಗೆ 14101. ಎರಡೂ ಉಡುಪು ತಯಾರಿಕೆಯ ವಿಭಾಗದಲ್ಲಿಯೇ ಬರುತ್ತವೆ. ಹೊಲಿಗೆಯನ್ನು ಸೇವೆಯೆಂದು ಭಾವಿಸಿ ಸೇವಾ ವಿಭಾಗದಲ್ಲಿ ಹುಡುಕುತ್ತ ಕೂರುವವರಿಗೆ ಇದು ತಿಳಿದಿರಬೇಕು. ಒಂದಕ್ಕಿಂತ ಹೆಚ್ಚು ಸಂಕೇತಗಳನ್ನು ಸೇರಿಸಲು ಅವಕಾಶವಿರುವುದರಿಂದ ಅತ್ತಿಗೆಯವರ ಅರ್ಜಿಯಲ್ಲಿ ಎರಡನ್ನೂ ಸೇರಿಸಿದೆವು. ಕನ್ನಡ ಮಾತ್ರ ಓದಬಲ್ಲ ಒಬ್ಬ ದರ್ಜಿಗೆ ಈ ಪಟ್ಟಿಯನ್ನು ಸ್ವತಃ ಹುಡುಕಲು ಸಾಧ್ಯವಾಗುವುದಿಲ್ಲ ಎಂಬುದು ಸೇವೆಯ ದೊಡ್ಡ ಕೊರತೆ. ಅದನ್ನು ಕನ್ನಡದಲ್ಲಿ ಸಿದ್ಧಪಡಿಸುವುದು ಸರ್ಕಾರಕ್ಕೆ ಅಸಾಧ್ಯವಾದ ಕೆಲಸವೇನಲ್ಲ. ಸಹಾಯ ಬೇಕಾದವರು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಉದ್ಯಮಿಗಳಿಗೆ ಈ ನೋಂದಣಿಯಲ್ಲಿ ನೆರವಾಗುವ ಹೊಣೆಯನ್ನು ಉದ್ಯಮ್ ವ್ಯವಸ್ಥೆಯನ್ನು ಜಾರಿಗೆ ತಂದ ಕೇಂದ್ರದ ಅಧಿಸೂಚನೆಯೇ ಆ ಕೇಂದ್ರಗಳಿಗೆ ವಹಿಸಿದೆ.

ಅರ್ಜಿಯು ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಕೇಳುತ್ತದೆ, ಆದರೆ ಹೊಸಬರು ಈ ಪ್ರಮಾಣಪತ್ರಕ್ಕಾಗಿ ಬರುವುದೇ ಖಾತೆ ತೆರೆಯುವುದಕ್ಕಾಗಿ. ಮಾಲೀಕರ ಉಳಿತಾಯ ಖಾತೆಯ ಸಂಖ್ಯೆಯನ್ನು ಕೊಟ್ಟು, ಚಾಲ್ತಿ ಖಾತೆಯಾದ ಮೇಲೆ ವಿವರವನ್ನು ಬದಲಿಸಿಕೊಳ್ಳುವುದು ಇದಕ್ಕೆ ಪರಿಹಾರ. ಇದನ್ನು ಅರ್ಜಿಯ ಪಕ್ಕದಲ್ಲಿಯೇ ಒಂದು ಸಾಲಿನಲ್ಲಿ ಹೇಳಿದ್ದರೆ ಎಷ್ಟೋ ಜನರ ಗೊಂದಲ ತಪ್ಪುತ್ತಿತ್ತು. ಕ್ಯೂಆರ್ ಸಂಕೇತವಿರುವ, ಕರ್ನಾಟಕದವರಿಗೆ ಉದ್ಯಮ್-ಕೆಆರ್ ಎಂದು ಆರಂಭವಾಗುವ ಸಂಖ್ಯೆಯ ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದಕ್ಕೆ ನವೀಕರಣದ ಗಡುವಿಲ್ಲ. ಒಂದು ಮಿತಿಯನ್ನು ಮಾತ್ರ ಮರೆಯಬಾರದು: ಈ ಪ್ರಮಾಣಪತ್ರವು ಅಂಗಡಿಯ ಹೆಸರಿಗೆ ರಕ್ಷಣೆ ಕೊಡುವುದಿಲ್ಲ. ಅದೇ ಹೆಸರಿನಲ್ಲಿ ಹರಿಹರದಲ್ಲಿ ಇನ್ನೊಬ್ಬರು ನೋಂದಾಯಿಸಿಕೊಂಡರೆ ತಡೆಯುವ ಶಕ್ತಿ ಇದಕ್ಕಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್ ಅರ್ಜಿ ಬೇರೆಯೇ ಇದೆ.

ಈ ಉಚಿತ ಸೇವೆಯ ಸುತ್ತ ಬೆಳೆದಿರುವ ವ್ಯಾಪಾರದ ಬಗ್ಗೆ ಹೇಳದೆ ವಿಮರ್ಶೆ ಪೂರ್ಣವಾಗದು. ಅಂತರ್ಜಾಲದಲ್ಲಿ ಹುಡುಕಿದರೆ ಸರ್ಕಾರದ ಲಾಂಛನವನ್ನು ಹೋಲುವ ಚಿತ್ರ, ತ್ರಿವರ್ಣದ ಪಟ್ಟಿ ಹಾಕಿಕೊಂಡು, ಅರ್ಜಿಯ ಕೊನೆಯಲ್ಲಿ ಹಣ ಕೇಳುವ ಖಾಸಗಿ ತಾಣಗಳು ಎದುರಾಗುತ್ತವೆ. ಅಧಿಕೃತ ತಾಣ ಒಂದೇ, ಅದರ ವಿಳಾಸ ‘ಗವ್ ಡಾಟ್ ಇನ್’ ಎಂದೇ ಮುಗಿಯುತ್ತದೆ. ಹಣ ಕೇಳಿದ ಕ್ಷಣದಲ್ಲಿಯೇ ಅದು ಸರ್ಕಾರದ್ದಲ್ಲವೆಂದು ತಿಳಿಯಬೇಕು. ನಗರದ ತೆರಿಗೆ ಸಲಹೆಗಾರರೊಬ್ಬರು ನಮಗೂ ಉದ್ಯಮ್, ಅಂಗಡಿ ನೋಂದಣಿ, ಜಿಎಸ್‌ಟಿ ಎಲ್ಲವನ್ನೂ ಒಟ್ಟುಗೂಡಿಸಿ ‘ಪ್ರೊಪ್ರೈಟರ್‌ಶಿಪ್ ರಿಜಿಸ್ಟ್ರೇಷನ್’ ಎಂಬ ಹೆಸರಿನಲ್ಲಿ ದೊಡ್ಡದೊಂದು ಮೊತ್ತ ಹೇಳಿದ್ದರು. ಅರ್ಜಿ ತುಂಬಿಕೊಟ್ಟ ಶ್ರಮಕ್ಕೆ ಪ್ರತಿಫಲ ಕೇಳುವುದು ತಪ್ಪಲ್ಲ, ಸಮಯವಿಲ್ಲದವರು ಅದನ್ನು ಕೊಡುವುದರಲ್ಲಿಯೂ ತಪ್ಪಿಲ್ಲ. ಆದರೆ ಸರ್ಕಾರಿ ಶುಲ್ಕ ಎಷ್ಟು, ತಮ್ಮ ಸಂಭಾವನೆ ಎಷ್ಟು, ಇವುಗಳಲ್ಲಿ ಗ್ರಾಹಕರಿಗೆ ನಿಜವಾಗಿ ಬೇಕಾದದ್ದು ಯಾವುದು ಎಂಬುದನ್ನು ಬಿಡಿಸಿ ಹೇಳದಿರುವುದು, ಕೂಲಿ ದುಡಿಮೆಯಿಂದ ಮೇಲೆ ಬರುತ್ತಿರುವವರಿಗೆ ಮಾಡುವ ಅನ್ಯಾಯ.

ಉದ್ಯಮ್ ಒಂದೇ ಸಾಲದು. ಘಟಕವು ಅಂಗಡಿಯ ರೂಪದಲ್ಲಿದ್ದರೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ಕೆಲಸ ಆರಂಭವಾದ ಮೂವತ್ತು ದಿನಗಳೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಬೇಕು. ಇದರ ಅರ್ಜಿಯನ್ನೂ ಆನ್‌ಲೈನ್‌ನಲ್ಲಿಯೇ ಸಲ್ಲಿಸಬಹುದು, ಶುಲ್ಕ ಕೆಲಸಗಾರರ ಸಂಖ್ಯೆಯನ್ನು ಅವಲಂಬಿಸಿರುತ್ತದೆ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್ ಇದಕ್ಕಿಂತ ಬೇರೆಯಾದದ್ದು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು, ಕಟ್ಟಡದ ಆಸ್ತಿ ತೆರಿಗೆ ಬಾಕಿ ಇರದಂತೆ ನೋಡಿಕೊಂಡಿರಬೇಕು. ಬಾಡಿಗೆ ಮಳಿಗೆಯವರಾದರೆ ಕರಾರುಪತ್ರ ಮತ್ತು ಮಾಲೀಕರ ಒಪ್ಪಿಗೆ ಪತ್ರವನ್ನು ಮುಂಗಡ ಹಣ ಕೊಡುವ ದಿನವೇ ಕೇಳಿ ಪಡೆಯುವುದು ಜಾಣತನ, ಆಮೇಲೆ ಕೇಳಿದರೆ ಅದು ಬೇಗ ಸಿಗುವುದಿಲ್ಲ. ನಾಮಫಲಕ ಬರೆಸುವಾಗ ಶೇಕಡಾ 60ರಷ್ಟು ಭಾಗ ಕನ್ನಡದಲ್ಲಿರಬೇಕೆಂಬ ನಿಯಮವನ್ನೂ ಪಾಲಿಸಬೇಕು.

ಚಾಲ್ತಿ ಖಾತೆಯ ವಿಷಯದಲ್ಲಿ ಸ್ವಲ್ಪ ದೃಢವಾಗಿ ಮಾತನಾಡಬೇಕಾಯಿತು. ಏಕಮಾಲೀಕರ ಖಾತೆಗೆ ಮಾಲೀಕರ ಗುರುತಿನ ದಾಖಲೆಗಳ ಜೊತೆಗೆ ವ್ಯಾಪಾರದ ಪುರಾವೆಯಾಗಿ ಯಾವುದಾದರೂ ಎರಡು ದಾಖಲೆಗಳನ್ನು ಪಡೆಯಬೇಕೆಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ ಹೇಳುತ್ತದೆ. ಉದ್ಯಮ್ ಪ್ರಮಾಣಪತ್ರ, ಅಂಗಡಿ ಕಾಯ್ದೆಯ ಪ್ರಮಾಣಪತ್ರ, ಜಿಎಸ್‌ಟಿ ಪ್ರಮಾಣಪತ್ರ, ಘಟಕದ ಆದಾಯ ಕಾಣಿಸಿರುವ ಪೂರ್ಣ ಆದಾಯ ತೆರಿಗೆ ವಿವರಪಟ್ಟಿ, ವಿದ್ಯುತ್ ಅಥವಾ ನೀರಿನ ಬಿಲ್ ಇವೆಲ್ಲ ಆ ಪಟ್ಟಿಯಲ್ಲಿವೆ. ಎರಡನ್ನು ಒದಗಿಸಲು ಸಾಧ್ಯವೇ ಇಲ್ಲದಿದ್ದಾಗ, ಸ್ಥಳಕ್ಕೆ ಬಂದು ಪರಿಶೀಲಿಸಿ ಒಂದರ ಮೇಲೆಯೇ ಖಾತೆ ತೆರೆಯುವ ವಿವೇಚನೆಯನ್ನೂ ಬ್ಯಾಂಕಿಗೆ ಕೊಡಲಾಗಿದೆ. ಹೀಗಿದ್ದರೂ ನಾವು ಮೊದಲು ಹೋದ ಶಾಖೆಯ ಸಿಬ್ಬಂದಿ ಜಿಎಸ್‌ಟಿ ಇಲ್ಲದೆ ಚಾಲ್ತಿ ಖಾತೆ ಸಾಧ್ಯವೇ ಇಲ್ಲವೆಂದರು. ಪಟ್ಟಿಯ ಮುದ್ರಿತ ಪ್ರತಿಯನ್ನು ವ್ಯವಸ್ಥಾಪಕರ ಮುಂದಿಟ್ಟು, ಉದ್ಯಮ್ ಮತ್ತು ಅಂಗಡಿ ನೋಂದಣಿಯ ಪ್ರಮಾಣಪತ್ರಗಳ ಜೊತೆಗೆ ಬೆಸ್ಕಾಂ ಬಿಲ್ಲನ್ನೂ ತೋರಿಸಿದ ಮೇಲೆ ಅವರು ಸೌಜನ್ಯದಿಂದಲೇ ಒಪ್ಪಿಕೊಂಡರು. ನಿಯಮವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕೆಂದು ಎಲ್ಲರಿಗೂ ಗೊತ್ತಿರುವುದಿಲ್ಲ, ಆದ್ದರಿಂದಲೇ ಇದನ್ನು ಇಷ್ಟು ವಿವರವಾಗಿ ಬರೆದೆ.

ಜಿಎಸ್‌ಟಿ ಎಲ್ಲರಿಗೂ ಬೇಕೆ? ಬೇಡ. ನಮ್ಮ ರಾಜ್ಯದಲ್ಲಿ ಕೇವಲ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ, ಸೇವೆ ಒದಗಿಸುವವರಿಗೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ಹೊಲಿಗೆಯವರು ಇಲ್ಲಿ ಎಚ್ಚರದಿಂದಿರಬೇಕು. ತಾವೇ ಬಟ್ಟೆ ತಂದು ಸಮವಸ್ತ್ರ ಹೊಲಿದು ಮಾರಿದರೆ ಅದು ಸರಕು. ಗ್ರಾಹಕರು ತಂದ ಬಟ್ಟೆಯನ್ನು ಹೊಲಿದುಕೊಟ್ಟರೆ ಅದು ಸೇವೆ. ಎರಡನ್ನೂ ಮಾಡುವವರು ಕೇವಲ ಸರಕಿನವರಾಗಿ ಉಳಿಯುವುದಿಲ್ಲವಾದ್ದರಿಂದ 20 ಲಕ್ಷವನ್ನೇ ತಮ್ಮ ಮಿತಿಯೆಂದು ಎಣಿಸಬೇಕು. ಸಿದ್ಧ ಉಡುಪನ್ನು ರಾಜ್ಯದ ಗಡಿಯಾಚೆ ರಾಯದುರ್ಗದ ಅಂಗಡಿಗೆ ಮಾರಿದರಂತೂ ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಣಿ ಬೇಕಾಗುತ್ತದೆ. ಕಡ್ಡಾಯವಿಲ್ಲದವರು ಸುಮ್ಮನೆ ಮಾಡಿಸಿಕೊಂಡರೆ ವ್ಯವಹಾರವಿರಲಿ ಬಿಡಲಿ ವಿವರಪಟ್ಟಿಗಳನ್ನು ಸಲ್ಲಿಸುತ್ತಲೇ ಇರಬೇಕು, ತಡವಾದರೆ ದಂಡ ಕಟ್ಟಬೇಕು. ಜಿಎಸ್‌ಟಿ ನಿಜವಾಗಿ ಬೇಕಾದವರಿಗೆ ಒಳ್ಳೆಯ ಸಲಹೆಗಾರರ ನೆರವು ಉಪಯುಕ್ತವೆಂದೇ ಹೇಳುತ್ತೇನೆ. ಉದ್ಯಮ್‌ಗೆ ಅದರ ಅಗತ್ಯವಿಲ್ಲ.

ಇನ್ನು ಉದ್ಯಮ್‌ನಿಂದ ಖಾತೆಯ ಹೊರತು ದೊರೆಯುವುದೇನು ಎಂಬ ಪ್ರಶ್ನೆ. ಸಾಲಕ್ಕೆ ಹೋದಾಗ ಆದ್ಯತಾ ವಲಯದ, ಅಂದರೆ ಬ್ಯಾಂಕುಗಳು ತಮ್ಮ ಸಾಲದ ಒಂದು ಪಾಲನ್ನು ಕೊಡಲೇಬೇಕಾದ ವಲಯದ, ಪರಿಗಣನೆ ಸಿಗುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಕಡಿಮೆ ಪ್ರಚಾರದಲ್ಲಿರುವ, ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳ ರಕ್ಷಣೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಲ್ಲಿದೆ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉತ್ಪಾದಕರಿಂದ ಸರಕು ಕೊಂಡವರು, ಬರವಣಿಗೆಯ ಒಪ್ಪಂದದಲ್ಲಿ ಎಷ್ಟೇ ದಿನ ಬರೆಸಿಕೊಂಡಿದ್ದರೂ, ಸರಕನ್ನು ಸ್ವೀಕರಿಸಿದ 45 ದಿನಗಳೊಳಗೆ ಹಣ ಕೊಡಲೇಬೇಕು. ಒಪ್ಪಂದವೇ ಇಲ್ಲದಿದ್ದರೆ ಗಡುವು 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕಾಗುತ್ತದೆ, ವಿವಾದವಾದರೆ ಇದೇ ಕಾಯ್ದೆಯಡಿ ಇರುವ ಸೌಲಭ್ಯ ಮಂಡಳಿಗೆ ದೂರು ಕೊಡಬಹುದು. ಜೂನ್‌ನಲ್ಲಿ ಸಮವಸ್ತ್ರ ತೆಗೆದುಕೊಂಡು ದೀಪಾವಳಿ ಕಳೆದರೂ ಹಣ ಕೊಡದವರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಹೊಲಿಗೆಯವರಿಗೆ ಇದು ನಿಜವಾದ ಬಲ. ಈ ರಕ್ಷಣೆ ಪ್ರಶ್ನಾತೀತವಾಗಿ ಸಿಗಬೇಕಾದರೆ ಸರಕು ಕೊಡುವ ಮೊದಲೇ ನೋಂದಣಿ ಆಗಿರುವುದು ಕ್ಷೇಮ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿರುವುದು ಇನ್ನೂ ಕ್ಷೇಮ. ಅಂದಹಾಗೆ, ಬರೀ ಕೊಂಡು ಮಾರುವ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೆ 2021ರ ಜುಲೈಯಿಂದ ಉದ್ಯಮ್ ನೋಂದಣಿ ಮುಕ್ತವಾಗಿದ್ದರೂ ಅವರಿಗೆ ದೊರೆಯುವುದು ಆದ್ಯತಾ ವಲಯದ ಸಾಲದ ಪ್ರಯೋಜನ ಮಾತ್ರ. ಮಂಡಿಪೇಟೆಯ ಕಿರಾಣಿ ವರ್ತಕರು ಈ 45 ದಿನಗಳ ನಿಯಮವನ್ನು ನೆಚ್ಚಿಕೊಳ್ಳುವಂತಿಲ್ಲ.

ಒಟ್ಟು ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೂರ್ತಿಯಾಗಿ ಭಾಷೆಯ ಕೊರತೆಗೆ. ನೋಂದಣಿಯಾದವರು ಪ್ರತಿ ವರ್ಷ ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸಿದ ಬಳಿಕ ಅದೇ ತಾಣದಲ್ಲಿ ತಮ್ಮ ವಿವರಗಳನ್ನು ಪರಿಷ್ಕರಿಸಬೇಕು, ಪರಿಷ್ಕರಿಸದಿದ್ದರೆ ನೋಂದಣಿಯನ್ನು ಅಮಾನತಿನಲ್ಲಿಡಲು ನಿಯಮದಲ್ಲಿ ಅವಕಾಶವಿದೆ. ಆ ಪರಿಷ್ಕರಣೆಗೆ ಅರ್ಜಿಯಲ್ಲಿ ಕೊಟ್ಟ ಮೊಬೈಲಿಗೋ ಇಮೇಲಿಗೋ ಬರುವ ಒಟಿಪಿ ಬೇಕಾಗುವುದರಿಂದ, ನೋಂದಣಿಯನ್ನು ಬೇರೆಯವರ ಮೂಲಕ ಮಾಡಿಸಿದವರೂ ಅರ್ಜಿಯಲ್ಲಿ ತಮ್ಮದೇ ಮೊಬೈಲ್ ಸಂಖ್ಯೆ ಮತ್ತು ತಮ್ಮದೇ ಇಮೇಲ್ ವಿಳಾಸ ನಮೂದಾಗಿವೆಯೇ ಎಂದು ಪ್ರಮಾಣಪತ್ರವನ್ನು ಪಡೆಯುವಾಗಲೇ ನೋಡಿಕೊಳ್ಳಬೇಕು.