ಸಾವಿರ ಯಾರ್ಡ್‌ಗೆ 500 ಡಾಲರ್ ಸ್ಕೋಪ್: ಮೂರರಲ್ಲಿ ಯಾವುದು?

ಟೆಕ್ಸಾಸ್‌ನಲ್ಲಿ 6.5 ಕ್ರೀಡ್‌ಮೂರ್ (ದೂರದ ಗುರಿಗೆ ಹೆಸರಾದ ಒಂದು ತೋಟಾ) ರೈಫಲ್ ಕೊಂಡ ಗೆಳೆಯರೆಲ್ಲ ಮುಂದೆ ಕೇಳುವುದು ಇದನ್ನೇ: 500 ಡಾಲರ್ ಆಸುಪಾಸಿನಲ್ಲಿ ಯಾವ ಸ್ಕೋಪ್ ತಗೊಳ್ಳಲಿ? ರೇಂಜಿನ ಗೆಳೆಯರೊಡನೆ ಮೂರು ಸ್ಕೋಪ್‌ಗಳನ್ನು ಒಂದೇ ರೈಫಲ್ ಮೇಲೆ ಕೂರಿಸಿ ನೋಡಿದೆ. ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಟ್ಯಾಕ್ಟಿಕಲ್ 6-24×50, ಅಥ್ಲಾನ್ ಆರ್ಗೋಸ್ ಬಿಟಿಆರ್ ಜೆನ್2 6-24×50, ಆರ್ಕೆನ್ ಇಪಿ5 5-25×56. ಇಲ್ಲಿ 6-24 ಎಂದರೆ ಜೂಮ್ ಎಷ್ಟು ಪಟ್ಟು ಎಂಬುದು, 50 ಎಂದರೆ ಮುಂದಿನ ಲೆನ್ಸಿನ ಮಿ.ಮೀ. ಅಗಲ.

ಮೂರೂ ಫಸ್ಟ್ ಫೋಕಲ್ ಪ್ಲೇನ್. ಜೂಮ್ ಹೆಚ್ಚಿಸಿದರೆ ಒಳಗಿನ ರೆಟಿಕಲ್ ಗೆರೆಗಳೂ ಹಿಗ್ಗುತ್ತವೆ. ಹಾಗಾಗಿ ಎಷ್ಟೇ ಜೂಮ್ ಇದ್ದರೂ ಗೆರೆಗಳ ಲೆಕ್ಕ ಬದಲಾಗುವುದಿಲ್ಲ.

24 ಪಟ್ಟು ಎಂಬುದನ್ನು ನೋಡಿ ಮರುಳಾಗಬೇಡಿ. 50 ಮಿ.ಮೀ. ಲೆನ್ಸನ್ನು 24ರಿಂದ ಭಾಗಿಸಿ. ಕಣ್ಣಿಗೆ ಸಿಗುವ ಬೆಳಕಿನ ವೃತ್ತ ಬರೀ 2 ಮಿ.ಮೀ. ಚಿಲ್ಲರೆ. ತಲೆ ಚೂರು ಅಲುಗಿದರೂ ಕತ್ತಲೆ. ಇಲ್ಲಿನ ಬೇಸಿಗೆ ಮಧ್ಯಾಹ್ನದಲ್ಲಂತೂ ನೆಲದ ಬಿಸಿಗೆ ಗುರಿ ಕುದಿಯುವ ನೀರಿನೊಳಗೆ ಇಟ್ಟ ಹಾಗೆ ಕುಣಿಯುತ್ತದೆ. ನಾವೆಲ್ಲ 12–15ಕ್ಕೆ ಇಳಿಸಿಯೇ ಹೊಡೆಯುತ್ತೇವೆ. ಕೊಡಗಿನಲ್ಲಿ ಕೈಲ್ ಪೊಳ್ದಿಗೆ (ಕೊಡವರ ಆಯುಧ ಪೂಜೆಯ ಹಬ್ಬ) ಬರಿಗಣ್ಣಿನಲ್ಲೇ ಗುರಿಯಿಟ್ಟು ತೆಂಗಿನಕಾಯಿಗೆ ಗುಂಡು ಹೊಡೆಯುವ ನಮ್ಮ ಮಾವ, ಇದೆಲ್ಲ ಯಾಕಪ್ಪಾ ಎಂದು ನಗುತ್ತಾರೆ. ಅವರ ತೆಂಗಿನಕಾಯಿ ಸಾವಿರ ಯಾರ್ಡ್ ದೂರದಲ್ಲಿ ಇರುವುದಿಲ್ಲ ಬಿಡಿ.

ನನ್ನ ಪ್ರಕಾರ ದುಡ್ಡು ಹಾಕಬೇಕಾದ್ದು ಟರೆಟ್‌ಗೆ, ಅಂದರೆ ಗುರಿಯನ್ನು ಮೇಲೆ-ಕೆಳಗೆ ಸರಿಸುವ ತಿರುಗಣೆಗೆ. 100 ಯಾರ್ಡ್‌ಗೆ ಝೀರೋ ಮಾಡಿದ ಮೇಲೆ (ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ ಮೇಲೆ), 140 ಗ್ರೇನ್ ಗುಂಡಿಗೆ 1000 ಯಾರ್ಡ್ ತಲುಪಲು ಸುಮಾರು 9 ಮಿಲ್ ತಿರುಗಿಸಬೇಕು. ಮಿಲ್ ಎಂದರೆ ಕೋನದ ಅಳತೆ, 100 ಯಾರ್ಡ್‌ನಲ್ಲಿ 3.6 ಇಂಚು. ಡೈಮಂಡ್‌ಬ್ಯಾಕ್‌ನಲ್ಲಿ ಇರುವುದು ಒಟ್ಟು 19 ಮಿಲ್. ಝೀರೋ ನಡುವೆ ಕೂತರೆ ಮೇಲಕ್ಕೆ ಉಳಿಯುವುದು ಅದರ ಅರ್ಧ, ಕೈಗೂ ಬಾಯಿಗೂ ಸರಿಹೋಗುವಷ್ಟು. ಸ್ಕೋಪ್ ಕೂರಿಸುವ ಪಟ್ಟಿಯಾದ ಬೇಸ್ 20 ಎಂಓಎ (ಕೋನದ ಇನ್ನೊಂದು ಅಳತೆ) ಇಳಿಜಾರಿನದ್ದು ಹಾಕಿದರೆ ಇನ್ನೂ 5.8 ಮಿಲ್ ಸಿಗುತ್ತದೆ. ನಮ್ಮ ರೈಫಲ್‌ಗೆ ಅದೇ ಬೇಸ್ ಇದೆ. ಇಪಿ5ರಲ್ಲಿ 34 ಮಿ.ಮೀ. ಟ್ಯೂಬ್, 32 ಮಿಲ್. ಅಲ್ಲಿ ಈ ಚಿಂತೆಯೇ ಇಲ್ಲ.

ಟರೆಟ್ ಪರೀಕ್ಷೆ ಸುಲಭ. 100 ಯಾರ್ಡ್‌ನಲ್ಲಿ ಎತ್ತರದ ಹಾಳೆ ನಿಲ್ಲಿಸಿ, ತೂಗುಗುಂಡು ಹಿಡಿದು ನೇರ ಗೆರೆ ಎಳೆಯಿರಿ. ಚುಕ್ಕೆಯಿಂದ 36 ಇಂಚು ಮೇಲೆ ಒಂದು ಗುರುತು. 10 ಮಿಲ್ ತಿರುಗಿಸಿ, ಕೆಳಗಿನ ಚುಕ್ಕೆಗೇ ಗುರಿಯಿಟ್ಟು ಹೊಡೆಯಿರಿ. ಗುಂಡು ಮೇಲಿನ ಗುರುತಿಗೆ ಬೀಳಬೇಕು. ಮೂರೂ ಪಾಸ್. ಗೆಳೆಯನೊಬ್ಬ 100 ಡಾಲರ್ ಒಳಗಿನ ಇನ್ನೊಂದನ್ನು ತಂದಿದ್ದ, ಹೆಸರು ಬೇಡ. ಅದನ್ನು ವಾಪಸ್ ಝೀರೋಗೆ ತಂದರೂ ಗುಂಡು ಹಳೇ ಜಾಗಕ್ಕೆ ಬರಲಿಲ್ಲ.

ಡೈಮಂಡ್‌ಬ್ಯಾಕ್‌ನಲ್ಲಿ ಝೀರೋ ಸ್ಟಾಪ್ (ಟರೆಟ್ ವಾಪಸ್ ತಿರುಗಿಸುವಾಗ ಝೀರೋದಲ್ಲಿ ನಿಲ್ಲಿಸುವ ತಡೆ) ಇಲ್ಲ, ರೆಟಿಕಲ್‌ಗೆ ಬೆಳಕೂ ಇಲ್ಲ. ಎಷ್ಟು ಸುತ್ತು ತಿರುಗಿಸಿದಿರಿ ಎಂದು ನೀವೇ ನೆನಪಿಡಬೇಕು. ಉಳಿದೆರಡರಲ್ಲಿ ಎರಡೂ ಇವೆ. ಆದರೆ ಡೈಮಂಡ್‌ಬ್ಯಾಕ್‌ನ ತೂಕ 700 ಗ್ರಾಂ ಮಾತ್ರ. ಆರ್ಗೋಸ್ ಸುಮಾರು 860 ಗ್ರಾಂ. ಇಪಿ5 ಒಂದು ಕಿಲೋ ದಾಟುತ್ತದೆ. ಹೊತ್ತುಕೊಂಡು ನಡೆಯುವವರಿಗೆ ನಾನು ಡೈಮಂಡ್‌ಬ್ಯಾಕ್ ಹೇಳುತ್ತೇನೆ. ಬೆಂಚಿನ ಮೇಲೆ ಮಲಗಿಸಿಟ್ಟು ಹೊಡೆಯುವ ನನ್ನ ರೈಫಲ್ ಮೇಲೆ ಕೊನೆಗೆ ಉಳಿದದ್ದು ಇಪಿ5. ಆರ್ಗೋಸ್ ಇವೆರಡರ ನಡುವೆ, ಝೀರೋ ಸ್ಟಾಪ್ ಬೇಕು ಆದರೆ ಭಾರ ಬೇಡ ಎನ್ನುವವರಿಗೆ.

ಆರ್ಡರ್ ಮಾಡುವಾಗ ಎರಡು ವಿಷಯ ನೋಡಿ. ಸ್ಕೋಪನ್ನು ಬೇಸಿಗೆ ಬಿಗಿಯುವ 30 ಮಿ.ಮೀ. ರಿಂಗ್ 34ರ ಟ್ಯೂಬಿಗೆ ಆಗುವುದಿಲ್ಲ. ಇನ್ನು ಮಿಲ್, ಎಂಓಎ ಎಂದು ಎರಡು ಮಾದರಿ ಇರುತ್ತವೆ. ಜೊತೆಗಾರರು ಮಿಲ್‌ನಲ್ಲಿ ಮಾತಾಡುವವರಾದರೆ ನೀವೂ ಮಿಲ್ ತಗೊಳ್ಳಿ. ಅವರು "ಅರ್ಧ ಮಿಲ್ ಎಡಕ್ಕೆ" ಎಂದು ಕೂಗಿದಾಗ ಗುಣಾಕಾರ ಮಾಡುತ್ತಾ ಕೂರಲು ಆಗುವುದಿಲ್ಲ, ಅಲ್ವಾ?