ಸರ್ಜಾಪುರ ಕಡೆಯ ರೋ ಹೌಸ್: ಮನೆಗೆ ನಾಲ್ಕು ಸ್ಟಾರ್, ಕಾಸ್ಟ್ ಶೀಟ್‌ಗೆ ಎರಡೇ

ಮನೆ ಚೆನ್ನಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಸರ್ಜಾಪುರ ರಸ್ತೆಯಿಂದ ಒಳಗೆ, ಕಾಂಪೌಂಡ್ ಹಾಕಿದ ಲೇಔಟ್‌ನಲ್ಲಿ ಒಂದಕ್ಕೊಂದು ಅಂಟಿಸಿ ಕಟ್ಟಿದ ಮನೆಗಳು. ಮೂರು ಬೆಡ್‌ರೂಮ್, ಸ್ವಂತ ಟೆರೇಸ್, ಮುಂದೆ ಒಂದು ಕಾರು ನಿಲ್ಲಿಸಿ ನಾಲ್ಕು ಕುಂಡ ಇಡುವಷ್ಟು ಜಾಗ. ಫ್ಲ್ಯಾಟ್ ಬೇಡ, ಸೈಟ್ ತಗೊಂಡು ಮೇಸ್ತ್ರಿ ಹಿಂದೆ ಓಡಾಡೋದೂ ಬೇಡ ಅನ್ನುವವರಿಗೆ ಒಳ್ಳೆಯ ಆಯ್ಕೆ. ಬಿಲ್ಡರ್ ಹೆಸರು ಬರೆಯುವುದಿಲ್ಲ, ಯಾಕಂದ್ರೆ ಇದು ಒಬ್ಬರ ಕಥೆ ಅಲ್ಲ. ನಾವು ನೋಡಿದ ಎಲ್ಲ ಕಡೆಯೂ ಬೋರ್ಡ್ ಮೇಲಿನ ಬೆಲೆ ಒಂದು, ಕೈಯಿಂದ ಹೋಗುವ ದುಡ್ಡು ಇನ್ನೊಂದು.

ಲೆಕ್ಕಕ್ಕೆ 1.2 ಕೋಟಿ ಮನೆ ಅಂದುಕೊಳ್ಳಿ. ಕಟ್ಟುತ್ತಿರುವಾಗಲೇ ಬುಕ್ ಮಾಡಿದರೆ ಶೇ 5 ಜಿಎಸ್‌ಟಿ, ಅಂದರೆ 6 ಲಕ್ಷ. ಕಟ್ಟಿ ಮುಗಿದು ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಈ ತೆರಿಗೆ ಇಲ್ಲ, ಹಾಗಾಗಿ 'ಈಗಲೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಸರ್' ಅಂದಾಗ ಆ ಡಿಸ್ಕೌಂಟ್ 6 ಲಕ್ಷಕ್ಕಿಂತ ಜಾಸ್ತಿ ಇದೆಯಾ ಅಂತ ನೋಡಿ. ಇನ್ನು ರಿಜಿಸ್ಟ್ರೇಷನ್. ಸ್ಟಾಂಪ್ ಡ್ಯೂಟಿ, ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ಒಟ್ಟು 7.6, ಅಂದರೆ 9 ಲಕ್ಷದ 12 ಸಾವಿರ. ಹಳೇ ಬ್ಲಾಗ್ ನೋಡಿ 6.6 ಅಂತ ಲೆಕ್ಕ ಹಾಕಿಕೊಂಡವರು ಒಂದು ಲಕ್ಷಕ್ಕಿಂತ ಮೇಲೆ ಕಡಿಮೆ ಬೀಳುತ್ತಾರೆ, ಅದೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಹೊತ್ತಿಗೆ. ಈ ದುಡ್ಡಿಗೆ ಹೋಮ್ ಲೋನ್ ಸಿಗುವುದಿಲ್ಲ, ಕೈಯಿಂದಲೇ ಹೊಂದಿಸಬೇಕು. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಜವಾಬ್ದಾರಿ ಕೊಳ್ಳುವವರದ್ದು. ಅದು ಬೆಲೆಯ ಒಳಗಿನದ್ದೇ, ಹೆಚ್ಚುವರಿ ಖರ್ಚಲ್ಲ. ಫೈಲಿಂಗ್ ತಡವಾದರೆ ಮಾತ್ರ ದಿನಕ್ಕೆ 200 ರೂಪಾಯಿ.

ಇದೆಲ್ಲ ಸರ್ಕಾರದ ಲೆಕ್ಕ, ಹುಡುಕಿದರೆ ಸಿಗುತ್ತೆ. ಎರಡು ಸ್ಟಾರ್ ಕಿತ್ತುಕೊಂಡಿದ್ದು ಬಿಲ್ಡರ್ ಕೊಡುವ ಖರ್ಚಿನ ಪಟ್ಟಿಯ, ಅಂದರೆ ಕಾಸ್ಟ್ ಶೀಟ್‌ನ ಎರಡನೇ ಪುಟ. ಕೇಳಿ ತಗೊಳ್ಳಿ, ಇಲ್ಲದಿದ್ದರೆ ವಾಟ್ಸಾಪ್‌ಗೆ ಬರೋದು ಮೊದಲ ಪುಟದ ಫೋಟೋ ಮಾತ್ರ. ಅಲ್ಲಿ ಕ್ಲಬ್ ಹೌಸ್ ಮೆಂಬರ್‌ಶಿಪ್, ಲೀಗಲ್ ಫೀ, ಕಾರ್ಪಸ್ ಫಂಡ್ (ಮುಂದಿನ ದೊಡ್ಡ ರಿಪೇರಿಗೆ ಕೂಡಿಡುವ ದುಡ್ಡು), ಎರಡು ವರ್ಷದ ಮೇಂಟೆನೆನ್ಸ್ ಅಡ್ವಾನ್ಸ್, ಬೆಸ್ಕಾಂ ಮತ್ತು ಜಲಮಂಡಳಿ ಚಾರ್ಜ್ ಅಂತ ಸಾಲಾಗಿ ಕೂತಿರುತ್ತವೆ, ಕೆಲವಕ್ಕೆ ಶೇ 18 ಜಿಎಸ್‌ಟಿ ಬೇರೆ. ಕಾರ್ನರ್ ಮನೆಗೆ ಒಂದು ರೇಟು, ಪಾರ್ಕ್ ಎದುರಿಗೆ ಒಂದು, ಪೂರ್ವದ ಬಾಗಿಲಿಗೆ ಇನ್ನೊಂದು. ಸೂರ್ಯ ಹುಟ್ಟುವುದಕ್ಕೂ ಚದರಡಿ ಲೆಕ್ಕ! ನಮ್ಮಲ್ಲಿ ತಮಾಷೆ ಏನಂದ್ರೆ, ಜಲಮಂಡಳಿ ಹೆಸರಲ್ಲಿ ದುಡ್ಡು ತಗೊಂಡಾಗಿದೆ, ಬೀದಿಗೆ ಕಾವೇರಿ ಪೈಪೇ ಬಂದಿಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಐದನೇ ಹಂತ ಇರುವುದು ಹಿಂದಿನ ಬಿಬಿಎಂಪಿಗೆ ಸೇರಿದ್ದ 110 ಹಳ್ಳಿಗಳಿಗೆ. 'ಕಾವೇರಿ ಬರುತ್ತೆ' ಅಂದರೆ ಸಾಲದು, ಆ ಪಟ್ಟಿಯಲ್ಲಿ ನಿಮ್ಮ ಊರು ಇದೆಯಾ ಕೇಳಿ. ಇಲ್ಲದಿದ್ದರೆ ಬೋರ್, ಬೋರ್ ಬತ್ತಿದರೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತವೇ 12,000 ಲೀಟರ್‌ಗೆ, 5 ಕಿಲೋಮೀಟರ್ ಒಳಗಾದರೆ, 1,000 ರೂಪಾಯಿ ಅಂತ ದರ ಕಟ್ಟಬೇಕಾಯಿತು. ಟ್ಯಾಂಕರ್ ಬಿಲ್ ಮೇಂಟೆನೆನ್ಸ್ ಒಳಗಾ ಹೊರಗಾ ಅನ್ನೋದು ಮುಖ್ಯ ಪ್ರಶ್ನೆ.

ಮೇಂಟೆನೆನ್ಸ್ ಬಗ್ಗೆ ಸ್ವಲ್ಪ ನಿಂತು ಹೇಳುತ್ತೇನೆ. ಸೇಲ್ಸ್‌ನವರು ಹೇಳಿದ್ದು ಚದರಡಿಗೆ ಮೂರೂವರೆ ರೂಪಾಯಿ. ಚದರಡಿ ಅಂದರೆ ಸೂಪರ್ ಬಿಲ್ಟ್ ಅಪ್ (ಗೋಡೆ, ಸಾಮಾನ್ಯ ಜಾಗದ ಪಾಲೂ ಸೇರಿ), ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಹೇಳುವ ಕಾರ್ಪೆಟ್ ಏರಿಯಾ (ಮನೆ ಒಳಗೆ ಬಳಸಲು ಸಿಗುವ ಜಾಗ) ಅಲ್ಲ. 2,100 ಚದರಡಿಗೆ 7,350. ಈ ಸಂಖ್ಯೆ ಸುಮ್ನೆ ಬಂದದ್ದಲ್ಲ: ನಿವಾಸಿಗಳ ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ್ದು, ಮನೆಗೆ ತಿಂಗಳಿಗೆ 7,500ಕ್ಕಿಂತ ಜಾಸ್ತಿ ಆದರೆ ಶೇ 18 ಜಿಎಸ್‌ಟಿ ಬೀಳುತ್ತೆ. ಅಡ್ವಾನ್ಸ್ ಮುಗಿದ ಮೇಲೆ ದರ ನಾಲ್ಕು ರೂಪಾಯಿ ಆಯಿತು. ಐವತ್ತು ಪೈಸೆ ತಾನೇ ಅನ್ನಿಸುತ್ತೆ ಅಲ್ವಾ? 8,400 ಆಯಿತು, ಬಿಲ್‌ನಲ್ಲಿ ಪೂರ್ತಿ ಮೊತ್ತದ ಮೇಲೆ ತೆರಿಗೆ ಹಾಕಿ 9,912. ಸೆಕ್ಯುರಿಟಿ ಅದೇ, ಕಸ ಗುಡಿಸುವವರು ಅವರೇ.

ಯಾವ ಶೀಟ್‌ನಲ್ಲೂ ಇಲ್ಲದ ಖರ್ಚು ಅಂದರೆ ನಡುಗೋಡೆ. ನಮ್ಮ ಮತ್ತು ಪಕ್ಕದವರ ಟೆರೇಸ್ ಕೂಡುವ ಸಂದಿಗೆ ಒಂದು ಅಲ್ಯೂಮಿನಿಯಂ ಪಟ್ಟಿ ಹೊಡೆದಿದ್ದರು. ಮಳೆಗೆ ಅದರ ತುದಿ ಎದ್ದು, ನೀರು ಮೆಟ್ಟಿಲ ಪಕ್ಕದ ಗೋಡೆಗೆ ಇಳಿದು, ಪುಟ್ಟಿ ಹಪ್ಪಳದ ಹಾಗೆ ಉಬ್ಬಿತು. ಪಕ್ಕದ ಅಂಕಲ್ 'ನೀರು ನಿಮ್ಮ ಕಡೆ ಬಂದಿದೆ, ನಮ್ಮ ಕಡೆ ಒಣಗಿದೆ' ಅಂದರು. ಸಂಘದವರು ಮನೆ ಒಳಗಿನದು ನಮ್ಮದಲ್ಲ ಅಂದರು. ರೇರಾ ಕಾಯ್ದೆಯಲ್ಲಿ ಕೀ ಕೊಟ್ಟ ದಿನದಿಂದ 5 ವರ್ಷ ಕೆಲಸದ ದೋಷವನ್ನು ಬಿಲ್ಡರ್ ಪುಕ್ಕಟೆ ಸರಿಪಡಿಸಬೇಕು, ತಿಳಿಸಿದ 30 ದಿನದೊಳಗೆ. ಫೋಟೋ ಸಮೇತ ಈಮೇಲ್ ಹಾಕಿ ಆ ಕಾನೂನು ಬರೆದ ಮೇಲೆ ಜನ ಬಂದು ಮಾಡಿಕೊಟ್ಟರು, ಪೇಂಟ್ ಖರ್ಚು ಮಾತ್ರ ನಮ್ಮ ತಲೆಗೆ. ರೀಸೇಲ್ ಮನೆ ಆದರೆ ಆ ಐದು ವರ್ಷದಲ್ಲಿ ಎಷ್ಟು ಉಳಿದಿದೆ ಕೇಳಿ, ಸಾಧ್ಯವಾದರೆ ಮಳೆ ಬಿದ್ದ ಮಾರನೇ ದಿನ ಹೋಗಿ ನೋಡಿ.

ಗ್ರಿಲ್, ಸೊಳ್ಳೆ ಜಾಲರಿ, ವಾರ್ಡ್‌ರೋಬ್, ಇನ್ವರ್ಟರ್ ಯಾವುದೂ ಬೆಲೆಯಲ್ಲಿ ಸೇರಿಲ್ಲ, ಅದು ಎಲ್ಲರಿಗೂ ಗೊತ್ತಿರೋದೇ. ಅಪ್ಪ ಅಮ್ಮ ಜೊತೆಗಿರುವವರು ಇನ್ನೊಂದು ನೋಡಿ: ರೋ ಹೌಸ್ ಅಂದರೆ ದಿನಪೂರ್ತಿ ಮೆಟ್ಟಿಲು. ಕೆಳಗೆ ಬಾತ್‌ರೂಮ್ ಇರುವ ರೂಮ್ ಇಲ್ಲದ ನಕ್ಷೆ ಇದ್ದರೆ ಬಿಟ್ಟುಬಿಡಿ, ಆಮೇಲೆ ಲಿಫ್ಟ್ ಹಾಕಿಸಲು ಹೊರಟರೆ ಲಕ್ಷಗಟ್ಟಲೆ ಆಗುತ್ತೆ, ಸಂಘದ ಒಪ್ಪಿಗೆಯೂ ಬೇಕಾಗಬಹುದು.