ಹಾಸನದವರೇ, ಮನೆಯಲ್ಲಿ ಟಾರ್ ಡಬ್ಬಿ ಇಡಿ ಅಂತ ಯಾರಾದರೂ ಬಂದರೆ ಮೊದಲು ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. 13 ವರ್ಷದಿಂದ ಹಾಸನದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಸಿಕ್ಕಸಿಕ್ಕ ಲಿಂಕ್ ಒತ್ತಬೇಡಿ ಅಂತ ಊರಿಗೆಲ್ಲ ಪಾಠ ಹೇಳುವವನು ನಾನೇ. ನಾನೇ ಬಿದ್ದೆ.

ಅಂಗಡಿಗೆ ಬರುತ್ತಿದ್ದ ಹುಡುಗ. ಅರಸೀಕೆರೆ ಕಡೆಯವನು, ಬೆಂಗಳೂರಲ್ಲಿ ಕೆಲಸ. ಮಾತೆತ್ತಿದರೆ ಅಣ್ಣ, ಅಣ್ಣ. ಒಂದು ದಿನ ಅಂಗೈಯಗಲದ ಡಬ್ಬಿ ತಂದ. "ಟಾರ್ ರಿಲೇ ಅಣ್ಣ. ಪತ್ರಕರ್ತರಿಗೆ, ಹೆದರಿಕೊಂಡು ಬದುಕೋರಿಗೆ ಸಹಾಯ ಆಗುತ್ತೆ. ನಡುವಿನ ರಿಲೇ ಅಷ್ಟೇ. ನೆಟ್ ಬಿಲ್ಲು ನಾನು ಕೊಡ್ತೀನಿ" ಅಂದ. ಟಾರ್ ನನಗೆ ಹೊಸದೇನಲ್ಲ, ಯಾರು ಅಂತ ಗೊತ್ತಾಗದ ಹಾಗೆ ನೆಟ್ ಬಳಸೋ ವ್ಯವಸ್ಥೆ. ನಾವು ಕಳಿಸಿದ್ದು ಮೂರು ಸರ್ವರ್ ದಾಟಿ ಹೋಗುತ್ತೆ, ರಿಲೇ ಅಂದರೆ ಇವೇ. ಆ ಕಡೆಯ ವೆಬ್‌ಸೈಟಿಗೆ ಕಾಣೋದು ಕೊನೆಯದರ ಐಪಿ, ಅಂದರೆ ನೆಟ್ ವಿಳಾಸ, ಮಾತ್ರ. ಏನೇ ಆದರೂ ತಲೆ ಕೊಡಬೇಕಾದವನು ಆ ಕೊನೆಯವನು. ಇವನು ನಡುವಿನದು ಅಂದನಲ್ಲ, ಒಪ್ಪಿಕೊಂಡೆ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಐಪಿ, ತಗೊಳ್ಳಿ ಅಂದ. ಅದಕ್ಕೂ ಹೂಂ ಅಂದೆ. ಕನೆಕ್ಷನ್ ಇರೋದು ಅಪ್ಪನ ಹೆಸರಲ್ಲಿ. ಅದು ಆಗ ತಲೆಗೇ ಬರಲಿಲ್ಲ ನೋಡಿ.

ಐದನೇ ತಿಂಗಳು ಪೊಲೀಸರು ಬಂದರು. ನನ್ನನ್ನಲ್ಲ, ಅಪ್ಪನನ್ನು ಕೇಳಿಕೊಂಡು. 71 ವರ್ಷ, ರಿಟೈರ್ಡ್ ಗಣಿತದ ಮೇಷ್ಟ್ರು. ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದೇ ನಿಂತಿದ್ದರು. ಈ ಐಪಿಯಿಂದ ಯಾರದೋ ಅಕೌಂಟಿಗೆ ನುಗ್ಗಿ ದುಡ್ಡು ಹೊಡೆದಿದ್ದಾರೆ, ನಾಳೆ ಡಬ್ಬಿ ಸಮೇತ ಠಾಣೆಗೆ ಬನ್ನಿ ಅಂದರು.

ಆ ರಾತ್ರಿ ಡಬ್ಬಿಯ ಸೆಟ್ಟಿಂಗ್ ಫೈಲ್ ತೆಗೆದೆ. ಪಾಸ್‌ವರ್ಡ್ ಅದರ ಅಡಿಯಲ್ಲೇ ಚೀಟಿ ಅಂಟಿಸಿತ್ತು! ಐದು ತಿಂಗಳು ಒಂದು ಸಲವೂ ನೋಡಿರಲಿಲ್ಲ. ಅಲ್ಲಿತ್ತು, 'ಎಕ್ಸಿಟ್‌ರಿಲೇ 1'. ಅದು ತಾನಾಗಿ ಬರುವ ಸಾಲಲ್ಲ. ಯಾರೋ ಕೂತು ಟೈಪ್ ಮಾಡಬೇಕು. ನಡುವಿನದಲ್ಲ, ಕೊನೆಯದು. ಬೇಕಂತಲೇ.

ಫೋನ್ ಮಾಡಿದೆ. "ಮೀಟಿಂಗಲ್ಲಿದ್ದೀನಿ ಅಣ್ಣ." ರಾತ್ರಿ ಹನ್ನೊಂದೂವರೆಗೆ ಮೀಟಿಂಗು! ಆಮೇಲೆ ವಾಟ್ಸಾಪಲ್ಲಿ, "ಇಂಡಿಯಾದಲ್ಲಿ ಟಾರ್ ಬ್ಯಾನ್ ಆಗಿಲ್ಲ ಅಣ್ಣ." ಆಮೇಲೆ, "ಐಟಿ ಕಾಯ್ದೆಯಲ್ಲಿ ಮಧ್ಯವರ್ತಿಗಳಿಗೆ ರಕ್ಷಣೆ ಕೊಡೋ ಸೆಕ್ಷನ್ 79 ಇದೆ, ನೀವು ಬರೀ ಮಧ್ಯವರ್ತಿ." ಅದನ್ನು ವಾದ ಮಾಡೋದು ಕೋರ್ಟಲ್ಲಿ ಮಾರಾಯ, ಅದಕ್ಕೆ ಮೊದಲು ಠಾಣೆ ಅಂತ ಒಂದಿದೆ. ಮತ್ತೆ ನಿನ್ನ ಮನೆಯಲ್ಲಿ ಯಾಕೆ ಇಟ್ಟಿಲ್ಲ ಅಂದೆ. "ನಮ್ಮನೆ ನೆಟ್ ಸ್ಲೋ ಅಣ್ಣ." ಈ ಮೆಸೇಜು ಇನ್ನೂ ಡಿಲೀಟ್ ಮಾಡಿಲ್ಲ.

ಠಾಣೆಯಲ್ಲಿ ಟಾರ್ ಅಂದರೆ "ರೋಡಿಗೆ ಹಾಕೋದಾ?" ಅಂತ ಕೇಳಿದರು. ಎಕ್ಸಾನರೇಟರ್ ಅಂತ ಟಾರ್ ಪ್ರಾಜೆಕ್ಟಿನವರದೇ, ಅಂದರೆ ಟಾರ್ ತಯಾರಿಸುವ ಸಂಸ್ಥೆಯದೇ, ಒಂದು ವೆಬ್ ಪುಟ ಇದೆ. ಐಪಿ, ತಾರೀಖು ಹಾಕಿದರೆ ಅವತ್ತು ಅದು ರಿಲೇ ಆಗಿತ್ತಾ ಅಂತ ಹೇಳುತ್ತೆ. ಅದರ ಪ್ರಿಂಟ್ ಕೊಟ್ಟ ಮೇಲೆ ಸ್ವಲ್ಪ ಕಿವಿಗೊಟ್ಟರು. ಆದರೂ ಡಬ್ಬಿ, ನನ್ನ ಲ್ಯಾಪ್‌ಟಾಪ್, ಅಪ್ಪನ ಫೋನ್ ಅಲ್ಲೇ ಉಳಿದವು.

2017ರಲ್ಲಿ ರಷ್ಯಾದಲ್ಲಿ ಡಿಮಿಟ್ರಿ ಬೊಗಾಟೋವ್ ಅನ್ನುವವರನ್ನು ಹಿಡಿದು ಹಾಕಿದ್ದರು. ಅವರೂ ಮನೆಯಿಂದ ಎಕ್ಸಿಟ್ ನಡೆಸುತ್ತಿದ್ದವರು. ಅವರ ಐಪಿಯಿಂದ ಯಾರೋ ಏನೋ ಬರೆದಿದ್ದರು. ಕೇಸು ಕೈಬಿಟ್ಟಿದ್ದು ಮರುವರ್ಷ. ಅವರೂ ಗಣಿತದ ಮೇಷ್ಟ್ರೇ. ಅಪ್ಪನಿಗೆ ಇದನ್ನು ಹೇಳಿಲ್ಲ.

ಟಾರ್ ಕೆಟ್ಟದ್ದು ಅಂತ ಈಗಲೂ ಅನ್ನಲ್ಲ. ಬೇಕಾದವರಿಗೆ ಅದು ಬೇಕೇ ಬೇಕು. ಎಕ್ಸಿಟ್ ಮನೆಯಿಂದ ನಡೆಸಬೇಡಿ ಅಂತ ಟಾರ್ ಪ್ರಾಜೆಕ್ಟಿನವರೇ ಹೇಳುತ್ತಾರೆ. ಆ ಹುಡುಗನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ನಮ್ಮ ಮನೆ ಹುಡುಕಿದ. ಸಹಾಯ ಮಾಡಲೇಬೇಕು ಅಂತಿದ್ದರೆ ಬ್ರೌಸರಿಗೆ ಸ್ನೋಫ್ಲೇಕ್ ಅನ್ನೋ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಟಾರ್ ಬ್ಲಾಕ್ ಆದ ಕಡೆಯವರಿಗೆ ಒಳಗೆ ಹೋಗೋಕೆ ದಾರಿ ಕೊಡುತ್ತೆ ಅಷ್ಟೇ, ಅದು ಎಕ್ಸಿಟ್ ಅಲ್ಲ. ಬೇರೆಯವರ ಡಬ್ಬಿ ಮಾತ್ರ ಬೇಡ. ಸೆಟ್ಟಿಂಗ್ ಫೈಲ್ ನೋಡದೆ ಅಂತೂ ಬೇಡವೇ ಬೇಡ.

ಅಪ್ಪ ಮಹಾರಾಜ ಪಾರ್ಕಿಗೆ ವಾಕಿಂಗ್ ಹೋಗೋದು ಬಿಟ್ಟಿದ್ದಾರೆ. "ಏನು ಮೇಷ್ಟ್ರೇ, ಪೊಲೀಸರು ಬಂದಿದ್ದರಂತೆ" ಅಂತ ಎಲ್ಲರೂ ಕೇಳುತ್ತಾರಂತೆ. ಮೊನ್ನೆ ಆ ಹುಡುಗನ ಮೆಸೇಜು ಬಂತು. ಹೇಗಿದ್ದಾರೆ ಅಪ್ಪ ಅಂತ ಕೇಳೋಕಲ್ಲ. "ಅಣ್ಣ, ಡಬ್ಬಿ ವಾಪಸ್ ಸಿಕ್ಕರೆ ಹೇಳಿ, ಅದು ನನ್ನ ದುಡ್ಡಲ್ಲಿ ತಗೊಂಡಿದ್ದು."